ಹೊಸದಾಗಿ ಜೋಡಿಸಿದ ಗಣಕಯಂತ್ರದ ಒತ್ತಡ ಪರೀಕ್ಷೆ

ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸಿಕೊಳ್ಳುವ, ಇಲ್ಲವೇ ಪರಿಚಯದ ಅಂಗಡಿಯವರಿಂದ ಜೋಡಿಸಿಕೊಳ್ಳುವ ಶಿಕ್ಷಕರು ಈಗ ಅಪರೂಪವಲ್ಲ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪಾಠ ಟಿಪ್ಪಣಿಗಳನ್ನು ಕನ್ನಡದಲ್ಲಿ ತಾವೇ ಸಿದ್ಧಪಡಿಸಬೇಕಾದ ಗಡಿನಾಡ ಶಿಕ್ಷಕರಿಗಂತೂ ಅದು ಬಲಗೈಯಿದ್ದಂತೆ. ಆದರೆ ಗುಂಡಿ ಒತ್ತಿದೊಡನೆ ಪರದೆ ಬೆಳಗಿತೆಂಬ ಮಾತ್ರಕ್ಕೆ ಯಂತ್ರವು ನಿರ್ದುಷ್ಟವೆಂದು ತಿಳಿಯಲಾಗದು. ಎಲೆಕ್ಟ್ರಾನಿಕ್ ಭಾಗಗಳಲ್ಲಿ ತಯಾರಿಕೆಯ ದೋಷವಿದ್ದರೆ ಅದು ಬಹುಮಟ್ಟಿಗೆ ಆರಂಭದ ದಿನಗಳಲ್ಲಿಯೇ ಹೊರಬೀಳುತ್ತದೆ. ಅಂಗಡಿಯವರು ಭಾಗವನ್ನು ಬದಲಿಸಿಕೊಡುವ ಅವಧಿ ಮುಗಿಯುವುದರೊಳಗೆ ಯಂತ್ರವನ್ನು ಉದ್ದೇಶಪೂರ್ವಕವಾಗಿ ದುಡಿಸಿ ಆ ದೋಷವನ್ನು ಹೊರಗೆಳೆಯುವುದೇ ಒತ್ತಡ ಪರೀಕ್ಷೆ.

ಕೆಟ್ಟು ನಿಂತ ಯಂತ್ರಕ್ಕಿಂತ ಸದ್ದಿಲ್ಲದೆ ತಪ್ಪು ಮಾಡುವ ಯಂತ್ರ ಹೆಚ್ಚು ಅಪಾಯಕಾರಿ. ಯೂನಿಕೋಡ್ ವ್ಯವಸ್ಥೆಯಲ್ಲಿ ‘ಲ’ಕಾರದ ಸಂಖ್ಯೆ 3250, ‘ಳ’ಕಾರದ್ದು 3251. ದ್ವಿಮಾನ ರೂಪದಲ್ಲಿ ಇವೆರಡಕ್ಕೂ ಇರುವ ಅಂತರ ಕೊನೆಯ ಒಂದೇ ಅಂಕಿ. ದೋಷವಿರುವ ರ‍್ಯಾಮ್ ಅಲ್ಲಿ 0ಯನ್ನು 1 ಎಂದು ಓದಿದರೆ ‘ಕಲೆ’ಯು ‘ಕಳೆ’ಯಾಗುತ್ತದೆ, ಎರಡೂ ಸರಿಯಾದ ಪದಗಳಾದ್ದರಿಂದ ಕಾಗುಣಿತ ತಿದ್ದುವ ತಂತ್ರಾಂಶಕ್ಕೂ ಅನುಮಾನ ಬಾರದು. (ಲಕಾರ-ಳಕಾರಗಳ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿಕೊಟ್ಟು ದಣಿಯುವ ನಮಗೆ ಯಂತ್ರವೂ ಅದೇ ತಪ್ಪು ಮಾಡತೊಡಗಿದರೆ ಗತಿಯೇನು!) ಅಂಕವಾದರೆ ಪರಿಣಾಮ ಇನ್ನೂ ಘೋರ: 35ರ ದ್ವಿಮಾನ ರೂಪ 100011. ಮೊದಲ 1 ಅಳಿದರೆ ಉಳಿಯುವುದು 3. ಉತ್ತೀರ್ಣನಾದ ಬಾಲಕನೊಬ್ಬ ಯಾರಿಗೂ ತಿಳಿಯದಂತೆ ಅನುತ್ತೀರ್ಣನಾಗುತ್ತಾನೆ.

ಆದ್ದರಿಂದ ಮೊದಲು ಪರೀಕ್ಷಿಸಬೇಕಾದದ್ದು ರ‍್ಯಾಮ್, ಅದೂ ವಿಂಡೋಸ್ ಅಥವಾ ಲಿನಕ್ಸ್ ಅಳವಡಿಸುವುದಕ್ಕೆ ಮುನ್ನ. ದೋಷವುಳ್ಳ ರ‍್ಯಾಮ್ ಮೂಲಕ ಹಾದುಹೋಗುವ ಕಡತಗಳು ಹಾರ್ಡ್ ಡಿಸ್ಕಿನಲ್ಲಿ ಕೆಟ್ಟೇ ಕುಳಿತರೆ, ಆ ಬಳಿಕ ರ‍್ಯಾಮ್ ಬದಲಿಸಿಯೂ ಪ್ರಯೋಜನವಿಲ್ಲ. ‘ಮೆಮ್‌ಟೆಸ್ಟ್86+’ ಎಂಬ ಉಚಿತ ತಂತ್ರಾಂಶವನ್ನು ಬೇರೊಂದು ಗಣಕದಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು, ಅದರಿಂದಲೇ ಹೊಸ ಯಂತ್ರವನ್ನು ಆರಂಭಿಸಬೇಕು. ಅದು ರ‍್ಯಾಮಿನ ಮನೆಗಳಲ್ಲಿ ಗೊತ್ತಾದ ವಿನ್ಯಾಸಗಳನ್ನು ಬರೆದು, ಮರಳಿ ಓದಿ, ತಾಳೆ ನೋಡುತ್ತದೆ. ಕನಿಷ್ಠ ಒಂದು ಪೂರ್ಣ ಸುತ್ತು ಆಗಲೇಬೇಕು. ರಾತ್ರಿಯಿಡೀ ಬಿಟ್ಟು ನಾಲ್ಕು ಸುತ್ತು ಆದರೆ ನೆಮ್ಮದಿ. ಇಲ್ಲಿ ಶೇಕಡಾ 99ಕ್ಕೆ ಬೆಲೆಯಿಲ್ಲ. ಒಂದೇ ಒಂದು ತಪ್ಪು ಕಂಡರೂ ಅನುತ್ತೀರ್ಣ. ಆಗ ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿದರೆ ದೋಷ ಪಟ್ಟಿಯದೋ ಸ್ಲಾಟಿನದೋ ತಿಳಿಯುತ್ತದೆ.

ಬಳಿಕ ಪ್ರೊಸೆಸರ್. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ‘ಪ್ರೈಮ್95’. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ ರೂಪುಗೊಂಡ ತಂತ್ರಾಂಶವಿದು. ಇದರಲ್ಲಿರುವ ಪರೀಕ್ಷಾ ವಿಭಾಗವು ಉತ್ತರ ಮೊದಲೇ ಗೊತ್ತಿರುವ ಬೃಹತ್ ಲೆಕ್ಕಗಳನ್ನು ಪ್ರೊಸೆಸರಿಗೆ ಕೊಟ್ಟು, ಬಂದ ಉತ್ತರವನ್ನು ಮಾದರಿ ಉತ್ತರದೊಡನೆ ಹೋಲಿಸುತ್ತದೆ. ಮೌಲ್ಯಮಾಪನ ಮಾಡುವ ನಮಗೆ ಈ ಕ್ರಮ ಹೊಸದೇನಲ್ಲ. ಇದರ ತೀಕ್ಷ್ಣತೆ ಎಷ್ಟೆಂದರೆ, ಸ್ಕೈಲೇಕ್ ಪ್ರೊಸೆಸರ್‌ಗಳು ಪ್ರೈಮ್95ರಂಥ ಕಠಿಣ ಗಣನೆಯಲ್ಲಿ ಸ್ತಬ್ಧಗೊಳ್ಳಬಹುದೆಂದು ಇಂಟೆಲ್ ಸಂಸ್ಥೆಯೇ 2016ರ ಜನವರಿಯಲ್ಲಿ ಒಪ್ಪಿ, ಬಯಾಸ್ ಪರಿಷ್ಕರಣೆಯ ಮೂಲಕ ದೋಷವನ್ನು ನಿವಾರಿಸಬೇಕಾಯಿತು.

ಈ ಪರೀಕ್ಷೆಯ ಮೊದಲ ಕಾಲು ಗಂಟೆ ಯಂತ್ರದ ಬಳಿಯೇ ಇದ್ದು, ಉಷ್ಣತೆ ತೋರಿಸುವ ತಂತ್ರಾಂಶವೊಂದನ್ನು ತೆರೆದಿಟ್ಟುಕೊಳ್ಳಬೇಕು. ಕೆಲವೇ ಕ್ಷಣಗಳಲ್ಲಿ ಉಷ್ಣತೆ 100 ಡಿಗ್ರಿಯತ್ತ ಜಿಗಿದರೆ ಕೂಡಲೇ ನಿಲ್ಲಿಸಿ, ತಂಪುಕಾರಕ ಫ್ಯಾನಿನ ಘಟಕ ಸರಿಯಾಗಿ ಕೂತಿದೆಯೇ, ಅದರ ತಳದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲಾಗಿದೆಯೇ ನೋಡಿರಿ. ಹಾಳೆ ಉಳಿದುಬಿಡುವುದು ಸಾಮಾನ್ಯ ಪ್ರಮಾದ. ಅನೇಕ ಪ್ರೊಸೆಸರ್‌ಗಳಿಗೆ 95ರಿಂದ 100 ಡಿಗ್ರಿ ಸೆಲ್ಸಿಯಸ್ ಗರಿಷ್ಠ ಮಿತಿ. ಅದನ್ನು ಮುಟ್ಟಿದೊಡನೆ ಅವು ತಾವಾಗಿ ವೇಗ ತಗ್ಗಿಸಿಕೊಳ್ಳುತ್ತವೆ. ಇಲ್ಲಿ ನಮ್ಮ ನಮ್ಮ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಒಂದೇ ಬಗೆಯ ದುಡಿಮೆಯಲ್ಲಿ ಪ್ರೊಸೆಸರ್ ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆಯೋ ಆ ಅಂತರ ಸ್ಥೂಲವಾಗಿ ಸ್ಥಿರ. ನೀಲಗಿರಿಯಲ್ಲಿ 18 ಡಿಗ್ರಿಯ ಕೋಣೆಯಲ್ಲಿ 70 ತೋರಿಸಿದ ಯಂತ್ರ, ಸೊಲ್ಲಾಪುರದ ಮೇ ತಿಂಗಳ 42 ಡಿಗ್ರಿಯಲ್ಲಿ 94 ತೋರಿಸೀತು. ಆದುದರಿಂದ ಚಳಿಗಾಲದಲ್ಲಿ ಜೋಡಿಸಿದವರು ಅಂದಿನ ಅಂಕಿಯನ್ನಲ್ಲ, ಅಂತರವನ್ನು ಬರೆದಿಟ್ಟುಕೊಂಡು ಬೇಸಿಗೆಗೆ ಲೆಕ್ಕ ಹಾಕಬೇಕು.

ಭಾರ ಹೆಚ್ಚಿದಾಗ ಯಂತ್ರ ಥಟ್ಟನೆ ಆರಿಹೋದರೆ ಪವರ್ ಸಪ್ಲೈ ಅಥವಾ ಅತಿಯಾದ ಶಾಖ ಕಾರಣವಾಗಿರಬಹುದು. ಯುಪಿಎಸ್ ಇದ್ದವರು, ಬೇರಾವ ಕಡತವೂ ತೆರೆದಿರದಾಗ, ಯಂತ್ರ ದುಡಿಯುತ್ತಿರುವಂತೆಯೇ ಗೋಡೆಯ ಸ್ವಿಚ್ ಆರಿಸಿ ನೋಡುವುದೊಳಿತು. ಹಾರ್ಡ್ ಡಿಸ್ಕಿನ ಮಟ್ಟಿಗೆ, ದೊಡ್ಡ ಕಡತಗಳನ್ನು ನಕಲಿಸಿ ಮೂಲದೊಡನೆ ಹೋಲಿಸಿದರೆ ಸಾಕು. ಇದೆಲ್ಲ ಮುಗಿಯುವವರೆಗೆ ಶಾಲೆಯ ಯಾವ ದಾಖಲೆಯನ್ನೂ ಈ ಯಂತ್ರಕ್ಕೆ ಒಪ್ಪಿಸಕೂಡದು. ರಸೀದಿ, ಡಬ್ಬಿಗಳನ್ನೂ ಎಸೆಯಕೂಡದು.

ತರಗತಿಯ ಚಟುವಟಿಕೆ: 2ರ 2, 3, 5, 7 ಮತ್ತು 11ನೆಯ ಘಾತಗಳಿಂದ 1ನ್ನು ಕಳೆದು ಬರುವ ಸಂಖ್ಯೆಗಳನ್ನು ಮಕ್ಕಳು ಬರೆಯಲಿ. 3, 7, 31, 127 ಅವಿಭಾಜ್ಯಗಳು. 2047 ಮಾತ್ರ 23 ಮತ್ತು 89ರ ಗುಣಲಬ್ಧ. ಅದನ್ನು ಹೇಳಿಕೊಡದೆ ಮಕ್ಕಳೇ ಕಂಡುಹಿಡಿಯಲು ಬಿಡಿರಿ. ಅನಂತರ 3250 ಮತ್ತು 3251ನ್ನು ದ್ವಿಮಾನಕ್ಕೆ ಪರಿವರ್ತಿಸಿ ಒಂದರ ಕೆಳಗೊಂದು ಬರೆಯಿಸಿರಿ. ಒಂದೇ ಅಂಕಿಯ ಬದಲಾವಣೆಯಿಂದ ಬೇರೆ ಅರ್ಥ ಕೊಡುವ ‘ಕಲೆ-ಕಳೆ’ಯಂಥ ಜೋಡಿಗಳನ್ನು ಮಕ್ಕಳು ಪಟ್ಟಿ ಮಾಡಲಿ.