ಮನೆಯಡುಗೆಯ ಪುಸ್ತಕ ಮಾಡಹೊರಟವರಿಗೆ

ಅಮ್ಮ, ಅಜ್ಜಿಯರ ಅಡುಗೆಗಳನ್ನು ಪುಸ್ತಕ ಮಾಡಬೇಕೆಂದಿದ್ದರೆ ಮೊದಲು ಫೋಟೊ ಮುಗಿಸಿಕೊಳ್ಳಿ, ಪುಟವಿನ್ಯಾಸ ಆಮೇಲೆ. ಟ್ಯೂಬ್‌ಲೈಟ್ ಆರಿಸಿ, ತಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ತನ್ನಿ. ನೇರ ಬಿಸಿಲು ಬೇಡ. ಎದುರು ಬದಿಗೆ ಬಿಳಿ ರಟ್ಟೊಂದನ್ನು ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಹೋಳಿಗೆ, ದೋಸೆಯನ್ನು ಮೇಲಿನಿಂದ ತೆಗೆಯಿರಿ, ಇಡ್ಲಿಯನ್ನು ಪಕ್ಕದಿಂದ. ಸತಾಯಿಸುವುದು ಹುಳಿ, ಸಾರು: ಬೇಳೆ, ತರಕಾರಿ ತಳ ಸೇರಿ ಬರೀ ಕಂದು ನೀರು ಕಾಣುತ್ತದೆ. ಆಳವಿಲ್ಲದ ಅಗಲ ಬಟ್ಟಲಿಗೆ ಬಡಿಸಿ, ಕ್ಲಿಕ್ಕಿಸುವ ಮುನ್ನವಷ್ಟೇ ಒಗ್ಗರಣೆ ಹಾಕಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಎ5 ಪುಟ ತುಂಬುವ ಚಿತ್ರಕ್ಕೆ 300 ಡಿಪಿಐ ಲೆಕ್ಕದಲ್ಲಿ ಸುಮಾರು 1750 × 2480 ಪಿಕ್ಸೆಲ್ ಬೇಕು.

ವಿನ್ಯಾಸಕ್ಕೆ ಉಚಿತವಾಗಿ ಸಿಗುವ ಸ್ಕ್ರೈಬಸ್ ತಂತ್ರಾಂಶ ಸಾಕು. ಆದರೆ 1.6 ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ; ಹಳೆಯ 1.4ರಲ್ಲಿ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಇನ್‌ಡಿಸೈನ್ ಇದ್ದವರು ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಬೇಕು. ಫಾಂಟ್ ಯುನಿಕೋಡ್‌ನದೇ ಇರಲಿ.

ಒಂದು ಅಡುಗೆ ಎದುರುಬದುರು ಪುಟಗಳಲ್ಲೇ ಮುಗಿಯಬೇಕು. ಹಿಟ್ಟು ಮೆತ್ತಿದ ಕೈಯಲ್ಲಿ ಹಾಳೆ ತಿರುವುವವರು ಯಾರು? ಬೈಂಡಿಂಗ್ ಸ್ಪೈರಲ್ ಮಾಡಿಸಿ, ಒಲೆಯ ಪಕ್ಕ ತೆರೆದಿಟ್ಟರೂ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.