ಸ್ಟೇಷನ್ ಗೇಟಿನ ಒಳಗೊಂದು ಕಾನೂನು, ಹೊರಗೊಂದು

2024ರ ಜನವರಿ 10ರ ಬೆಳಿಗ್ಗೆ ಚೆನ್ನೈ ಕಡೆಯಿಂದ ಬಂದ ಚಾರ್‌ಮಿನಾರ್ ಎಕ್ಸ್‌ಪ್ರೆಸ್ ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನಲ್ಲಿ ನಿಲ್ಲಬೇಕಾದ ಕಡೆ ನಿಲ್ಲದೆ ಮುಂದೆ ಹೋಗಿ ಗೋಡೆಗೆ ಬಡಿಯಿತು. ಮೂರು ಬೋಗಿಗಳು ಹಳಿ ತಪ್ಪಿದವು, ಕೆಲವರಿಗೆ ಗಾಯವಾಯಿತು. ನಾಂಪಲ್ಲಿ ಕೊನೆಯ ನಿಲ್ದಾಣ, ಅಲ್ಲಿಂದ ಮುಂದೆ ಹಳಿಯೇ ಇಲ್ಲ. ಹಾಗಾಗಿ ಅಲ್ಲಿಗೆ ಬರುವ ಯಾವ ಗಾಡಿಯಲ್ಲಾದರೂ ಜನ ಚೀಲ ಹೆಗಲಿಗೇರಿಸಿ ಮೊದಲೇ ಬಾಗಿಲ ಬಳಿ ಬಂದು ನಿಂತಿರುತ್ತಾರೆ. ಅಂಥ ಹೊತ್ತಿನಲ್ಲಿ ಬಿದ್ದು ಕೈಕಾಲು ಮುರಿದುಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ, "ಗಾಡಿ ನಿಲ್ಲುವ ಮುಂಚೆ ಬಾಗಿಲಿಗೆ ಯಾಕೆ ಬಂದಿರಿ?" ಎಂಬುದು. ರೈಲ್ವೆ ನೌಕರರು ಕೇಳುತ್ತಾರೆ, ಪೊಲೀಸರು ಕೇಳುತ್ತಾರೆ, ನೆಂಟರೂ ಕೇಳುತ್ತಾರೆ. ಗಾಯಗೊಂಡವರು ತಲೆ ತಗ್ಗಿಸಿ, ತಪ್ಪು ನಮ್ಮದೇ ಇರಬೇಕು ಎಂದು ಮನೆಗೆ ಹೋಗಿಬಿಡುತ್ತಾರೆ. ಪರಿಹಾರದ ಮಟ್ಟಿಗೆ ಆ ಪ್ರಶ್ನೆಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ರೈಲ್ವೆ ಕಾಯ್ದೆ 1989ರ 124ನೇ ಕಲಮು ನೇರವಾಗಿದೆ. ಪ್ರಯಾಣಿಕರ ಗಾಡಿ ಡಿಕ್ಕಿಯಾದರೆ, ಹಳಿ ತಪ್ಪಿದರೆ, ರೈಲ್ವೆಯ ತಪ್ಪು ಇರಲಿ ಇಲ್ಲದಿರಲಿ, ಪರಿಹಾರ ಕೊಡಲೇಬೇಕು. 1994ರಲ್ಲಿ ಸೇರಿಸಿದ 124-ಎ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಲಿಸುವ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದವರಿಗೂ, ಗಾಡಿಯಲ್ಲೋ ಸ್ಟೇಷನ್ ಆವರಣದಲ್ಲೋ ದರೋಡೆ, ಹಲ್ಲೆ, ಭಯೋತ್ಪಾದಕ ದಾಳಿಗೆ ಸಿಕ್ಕವರಿಗೂ ಇದೇ ಹಕ್ಕು ಕೊಟ್ಟಿತು. ಪ್ಲಾಟ್‌ಫಾರಂ ಟಿಕೆಟ್ ಇದ್ದವರೂ ಇಲ್ಲಿ ಪ್ರಯಾಣಿಕರೇ. ಲಿಂಗಂಪಲ್ಲಿ ಕಡೆಗೆ ಎಂಎಂಟಿಎಸ್ ಲೋಕಲ್ ಗಾಡಿ ಹತ್ತುವಾಗ ಕಾಲು ಜಾರಿದ ಕೂಲಿಕಾರನಿಗೂ, ಕಲಬುರಗಿಯಿಂದ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್‌ನಲ್ಲಿ ಬಂದು ಇಳಿಯುವಾಗ ಬಿದ್ದ ಮುದುಕಿಗೂ ಈ ಕಲಮು ಅನ್ವಯಿಸುತ್ತದೆ. ಹತ್ತುವಾಗ ಇಳಿಯುವಾಗ ಬಿದ್ದರೆ ಅಜಾಗರೂಕತೆಯ ಹೆಸರಿನಲ್ಲಿ ಪರಿಹಾರ ನಿರಾಕರಿಸುವಂತಿಲ್ಲ, "ತಾನೇ ಮಾಡಿಕೊಂಡ ಗಾಯ" ಎನ್ನಬೇಕಾದರೆ ಗಾಯ ಮಾಡಿಕೊಳ್ಳುವ ಉದ್ದೇಶವೇ ಇರಬೇಕು ಎಂದು ಸುಪ್ರೀಂ ಕೋರ್ಟ್ 2018ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. ಅಮೆರಿಕದ ಅಲಬಾಮ, ಮೇರಿಲ್ಯಾಂಡ್‌ನಂಥ ಕೆಲವು ರಾಜ್ಯಗಳಲ್ಲಿ ಗಾಯಗೊಂಡವನದು ಎಳ್ಳಷ್ಟು ತಪ್ಪಿದ್ದರೂ ಸಾಮಾನ್ಯವಾಗಿ ಬಿಡಿಗಾಸೂ ಸಿಗದಂಥ ನಿಯಮ ಇಂದಿಗೂ ಉಳಿದಿದೆ. ನಮ್ಮ ರೈಲ್ವೆ ಕಾನೂನು ಅದರ ತದ್ವಿರುದ್ಧ. ಆದರೂ ನಮ್ಮ ಸ್ಟೇಷನ್‌ಗಳಲ್ಲಿ ಅಧಿಕಾರಿಗಳು ಆ ನಿಯಮವೇ ಇಲ್ಲೂ ಇದೆಯೇನೋ ಎಂಬಂತೆ ಮಾತಾಡುತ್ತಾರೆ.

ಎಚ್ಚರವಿಲ್ಲದವನಿಗೂ ಸರ್ಕಾರದ ದುಡ್ಡು ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಆ ಮೊತ್ತದಲ್ಲಿದೆ. 2017ರ ಜನವರಿಯಿಂದ ಸಾವಿಗೆ, ಎರಡೂ ಕೈ ಕಳೆದುಕೊಳ್ಳುವಂಥ ಗಾಯಕ್ಕೆ 8 ಲಕ್ಷ ರೂಪಾಯಿ. ಉಳಿದ ಗಾಯಗಳಿಗೆ ಅದಕ್ಕಿಂತ ಕಡಿಮೆ, ಪಟ್ಟಿಯಲ್ಲಿ ಬರೆದಷ್ಟು. ಸತ್ತವರು ತಿಂಗಳಿಗೆ ಲಕ್ಷ ದುಡಿಯುತ್ತಿದ್ದರೂ ಅಷ್ಟೇ, ಚಾಲಕನ ಮಹಾಪರಾಧವನ್ನೇ ಸಾಬೀತುಪಡಿಸಿದರೂ ಅಷ್ಟೇ. ತಪ್ಪಿನ ಲೆಕ್ಕವನ್ನು ಕಾನೂನು ಎರಡೂ ಕಡೆಯಿಂದ ತೆಗೆದುಹಾಕಿದೆ. ಪ್ರಯಾಣಿಕ ತನ್ನ ದೊಡ್ಡ ಕ್ಲೇಮನ್ನು ಬಿಟ್ಟುಕೊಟ್ಟಿದ್ದಾನೆ, ರೈಲ್ವೆ ತನ್ನ ಸಬೂಬನ್ನು ಬಿಟ್ಟುಕೊಡಬೇಕು. ಒಂದು ಕಡೆಯವರು ಕೊಟ್ಟ ಮೇಲೆ ಇನ್ನೊಂದು ಕಡೆಯವರು ಹಿಂದೆ ಸರಿಯುವುದು ಅನ್ಯಾಯ. ವಿನಾಯಿತಿಗಳೂ ಕಾಯ್ದೆಯಲ್ಲೇ ಇವೆ: ಗಾಡಿಯಿಂದ ಬಿದ್ದ ಪ್ರಕರಣವಾದರೆ ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ಅಪರಾಧ ಮಾಡುವಾಗ ಆದದ್ದು, ಕುಡಿದ ಅಮಲಿನಲ್ಲೋ ಬುದ್ಧಿಭ್ರಮಣೆಯಲ್ಲೋ ಮಾಡಿದ್ದು, ಸಹಜ ಕಾಯಿಲೆ. ಇವಕ್ಕೆ ಪರಿಹಾರವಿಲ್ಲ. ಬಾಗಿಲಲ್ಲಿ ನಿಂತಿದ್ದರು ಎಂಬುದು ಆ ಪಟ್ಟಿಯಲ್ಲಿಲ್ಲ.

ಹಾಗಾದರೆ ಇಷ್ಟು ಸುಲಭದ ಕಾನೂನಿನಲ್ಲಿ ಜನ ಸೋಲುವುದೆಲ್ಲಿ? ಸೋಲುವುದು ತಪ್ಪು ಯಾರದು ಎಂಬಲ್ಲಿ ಅಲ್ಲ, ನೀವು ಪ್ರಯಾಣಿಕರು ಹೌದೇ, ಗಾಡಿಯಿಂದಲೇ ಬಿದ್ದಿರಾ ಎಂಬಲ್ಲಿ. ತಪ್ಪು ಸಾಬೀತುಪಡಿಸಬೇಕಾಗಿಲ್ಲ ಎಂದರೆ ಏನನ್ನೂ ಸಾಬೀತುಪಡಿಸಬೇಕಾಗಿಲ್ಲ ಎಂದಲ್ಲ. ಈ ಎರಡು ಸಂಗತಿ ನಿರ್ಧಾರವಾಗುವುದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿನಲ್ಲಿ ವಾದ ನಡೆಯುವ ದಿನವಲ್ಲ, ಬಿದ್ದ ಮೊದಲ ದಿನ ರೈಲ್ವೆ ಪೊಲೀಸರು ಬರೆಯುವ ಕಾಗದದಲ್ಲಿ. ಅದರಲ್ಲಿ "ಅಜಾಗರೂಕತೆಯಿಂದ ಗಾಡಿಯಿಂದ ಬಿದ್ದರು" ಎಂದು ಬರೆದರೆ ಹೆದರಬೇಡಿ, ಆ ಮಾತಿನಿಂದ ನಿಮ್ಮ ಹಕ್ಕು ಹೋಗುವುದಿಲ್ಲ. "ಹಳಿ ದಾಟುವಾಗ ಗಾಡಿ ಬಡಿಯಿತು" ಎಂದು ಬರೆದರೆ ಮಾತ್ರ ಕೂಡಲೇ ಎಚ್ಚೆತ್ತುಕೊಳ್ಳಿ. ಆ ನಾಲ್ಕು ಪದ ನಿಮ್ಮನ್ನು ಪ್ರಯಾಣಿಕರ ಸಾಲಿನಿಂದ ಅತಿಕ್ರಮಣಕಾರರ ಸಾಲಿಗೆ ತಳ್ಳುತ್ತವೆ. ಅಪಘಾತವನ್ನು ಕಣ್ಣಾರೆ ಕಾಣದ ಸಿಬ್ಬಂದಿ, ಹಳಿಯ ಪಕ್ಕ ಬಿದ್ದಿದ್ದರು ಎಂಬ ಒಂದೇ ಕಾರಣಕ್ಕೆ ಹೀಗೆ ಬರೆದುಬಿಟ್ಟರೆ ಅದು ಸೋಮಾರಿತನವಷ್ಟೇ ಅಲ್ಲ, ಒಂದು ಮನೆಯ ಅನ್ನ ಕಸಿಯುವ ಕೆಲಸ. ನಾಂಪಲ್ಲಿಯಲ್ಲಿ ಹೇಳಿಕೆ ತೆಲುಗಿನಲ್ಲೋ ಹಿಂದಿಯಲ್ಲೋ ಬರೆಯಲಾಗುತ್ತದೆ. ಬೀದರ್, ರಾಯಚೂರಿನಿಂದ ಓಡಿಬಂದ ಮನೆಯವರು ಗಾಬರಿಯಲ್ಲಿ, ಓದಲಾರದ ಭಾಷೆಯ ಹಾಳೆಗೆ ಸಹಿ ಹಾಕುತ್ತಾರೆ. ಹಾಕಬೇಡಿ. ಓದಿ ಹೇಳಿಸಿ, ತಪ್ಪಿದ್ದರೆ ತಿದ್ದಿಸಿ, ತಿದ್ದಲು ಒಪ್ಪದಿದ್ದರೆ ಅದೇ ವಾರ ನಿಮ್ಮ ಮಾತನ್ನು ಪ್ರತ್ಯೇಕವಾಗಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಎಫ್‌ಐಆರ್ ಆದರೆ ಅದರ ನಕಲು ದೂರುದಾರರಿಗೆ ಉಚಿತವಾಗಿ ಸಿಗಬೇಕು. ಅದಕ್ಕೆ ದುಡ್ಡು ಕೇಳಿದರೆ ಅದು ಲಂಚ.

ಟಿಕೆಟ್ಟಿನದು ಇನ್ನೊಂದು ಸಂಕಟ. ರಿಸರ್ವೇಶನ್ ಇದ್ದರೆ ಪಿಎನ್‌ಆರ್ ಸಾಕು, ಫೋನಿನಲ್ಲಿ ತೆಗೆದ ಜನರಲ್ ಟಿಕೆಟ್ಟಿಗೂ ದಾಖಲೆ ಉಳಿದಿರುತ್ತದೆ. ಕೌಂಟರಿನಲ್ಲಿ ಕೊಂಡ ಕಾಗದದ ಚೂರು ಮಾತ್ರ ರಕ್ತ ಹತ್ತಿದ ಅಂಗಿಯ ಜೇಬಿನೊಂದಿಗೆ ಆಸ್ಪತ್ರೆಯ ಕಸಕ್ಕೆ ಹೋಗುತ್ತದೆ. ಆ ಬಟ್ಟೆಯನ್ನು ಎಸೆಯಲು ಬಿಡಬೇಡಿ. ಟಿಕೆಟ್ ಸಿಗದಿದ್ದರೂ ಹಕ್ಕು ತಾನಾಗಿ ಹೋಗುವುದಿಲ್ಲ ಎಂಬುದನ್ನೂ ಅದೇ 2018ರ ತೀರ್ಪು ಹೇಳಿದೆ: ಮನೆಯವರು ಸಂಗತಿಗಳನ್ನು ಅಫಿಡವಿಟ್‌ನಲ್ಲಿ ಹೇಳಿದರೆ ಭಾರ ರೈಲ್ವೆಯ ಮೇಲೆ ಬೀಳುತ್ತದೆ. ಆದರೆ ರೈಲ್ವೆ ಜಾಗದಲ್ಲಿ ಹೆಣ ಸಿಕ್ಕಿತು ಎಂಬುದೊಂದರಿಂದಲೇ ಪ್ರಯಾಣಿಕ ಎಂದಾಗುವುದಿಲ್ಲ ಎಂದೂ ಅಲ್ಲೇ ಇದೆ. ಆದ್ದರಿಂದ ಬೀಳ್ಕೊಟ್ಟವರು ಯಾರು, ಟಿಕೆಟ್ ಕೊಳ್ಳುವಾಗ ಜೊತೆಗಿದ್ದವರು ಯಾರು, ಯಾವ ಊರಿಗೆ ಯಾಕೆ ಹೊರಟಿದ್ದರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು.

ಅರ್ಜಿ ಹಾಕುವ ಜಾಗದ ವಿಷಯದಲ್ಲೂ ಜನ ಎಡವುತ್ತಾರೆ. ಸ್ಟೇಷನ್ ನಾಂಪಲ್ಲಿಯದು, ಕೋರ್ಟೂ ನಾಂಪಲ್ಲಿಯಲ್ಲಿದೆ ಎಂದು ಅಲ್ಲಿನ ಕ್ರಿಮಿನಲ್ ಕೋರ್ಟುಗಳ ಮೆಟ್ಟಿಲು ಸವೆಸಿ ಫಲವಿಲ್ಲ. ರೈಲ್ವೆ ಪರಿಹಾರದ ಅರ್ಜಿಯನ್ನು ಬೇರೆ ಯಾವ ಸಿವಿಲ್ ಕೋರ್ಟೂ ತೆಗೆದುಕೊಳ್ಳುವಂತಿಲ್ಲ, ಅದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೇ ಹೋಗಬೇಕು. ಇಲ್ಲಿಗೆ ಸಿಕಂದರಾಬಾದ್ ಪೀಠ. ಟಿಕೆಟ್ ಕೊಂಡ ಊರು, ಘಟನೆ ನಡೆದ ಜಾಗ, ತಲುಪಬೇಕಿದ್ದ ನಿಲ್ದಾಣ, ಈ ಮೂರರಲ್ಲಿ ಯಾವುದರ ಪೀಠದಲ್ಲಾದರೂ ಹಾಕಬಹುದು. ಬೆಂಗಳೂರಿನಲ್ಲಿ ಟಿಕೆಟ್ ಕೊಂಡವರಿಗೆ ಬೆಂಗಳೂರು ಪೀಠವೂ ಇದೆ. ಗಡುವು ಘಟನೆಯಿಂದ ಒಂದು ವರ್ಷ. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೇಳುವ ದಾರಿ ಇದೆ, ಆದರೆ ಅದು ಟ್ರಿಬ್ಯೂನಲ್ಲಿನ ಮರ್ಜಿ. ಅನೇಕರು ಆ ವರ್ಷವನ್ನು ಕಳೆಯುವುದು ಎಕ್ಸ್‌ಗ್ರೇಷಿಯಾ ಬಂತಲ್ಲ ಎಂಬ ಸಮಾಧಾನದಲ್ಲಿ. 2023ರ ಸೆಪ್ಟೆಂಬರಿನಿಂದ ಗಾಡಿ ಅಪಘಾತದಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ಸಣ್ಣ ಗಾಯಕ್ಕೆ 50 ಸಾವಿರ ರೈಲ್ವೆ ತಾನಾಗಿ ಕೊಡುವ ಹಣ ಅದು. ಅದನ್ನು ತೆಗೆದುಕೊಂಡರೂ ಟ್ರಿಬ್ಯೂನಲ್ಲಿನ ಪರಿಹಾರ ಪ್ರತ್ಯೇಕವಾಗಿ ಉಳಿದಿರುತ್ತದೆ.

ಇದಿಷ್ಟೂ ಗೇಟಿನ ಒಳಗಿನ ಮಾತು. ಒಳಗೇ ಆದರೂ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಬಿದ್ದರೆ 124-ಎ ನೆರವಿಗೆ ಬರುವುದಿಲ್ಲ, ಅದು ಗಾಡಿಯಿಂದ ಬಿದ್ದದ್ದಲ್ಲ. ನಾಂಪಲ್ಲಿ ಮೆಟ್ರೋ ನಿಲ್ದಾಣಕ್ಕೆ ಬೇರೆಯದೇ ಕಾಯ್ದೆ ಇದೆ. ಗೇಟು ದಾಟಿ ರಸ್ತೆಗೆ ಬಂದಾಗ ಆಟೋ ಗುದ್ದಿದರೆ ಮೋಟಾರು ವಾಹನ ಕಾಯ್ದೆ, ಅಲ್ಲಿ ತಪ್ಪಿನ ಲೆಕ್ಕ ಮತ್ತೆ ಜೀವ ಪಡೆಯುತ್ತದೆ. 166ನೇ ಕಲಮಿನಲ್ಲಿ ಮಿತಿಯಿಲ್ಲದ ಪರಿಹಾರ ಕೇಳಬಹುದು, ಆದರೆ ಚಾಲಕನ ಅಜಾಗರೂಕತೆ ತೋರಿಸಬೇಕು, ನಿಮ್ಮ ಪಾಲಿನ ತಪ್ಪಿದ್ದರೆ ಅಷ್ಟು ಕಡಿತವಾಗುತ್ತದೆ. 164ರಲ್ಲಿ ತಪ್ಪು ತೋರಿಸಬೇಕಾಗಿಲ್ಲ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ವಿಮೆ ಕಂಪನಿಯವರು ಈ ಎರಡನೆಯದನ್ನು ಮುಂದಿಟ್ಟಾಗ ತಡೆದು ಯೋಚಿಸಿ: ಅದನ್ನು ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ರೈಲ್ವೆ ಎಕ್ಸ್‌ಗ್ರೇಷಿಯಾದಂತೆ ಇದನ್ನೂ ತೆಗೆದುಕೊಂಡು ಮುಂದುವರಿಯೋಣ ಎಂದುಕೊಂಡವರು ಕೆಟ್ಟರು. ಗಡುವೂ ಇಲ್ಲಿ ಒಂದು ವರ್ಷವಲ್ಲ, 2022ರ ಏಪ್ರಿಲ್ 1ರಿಂದ ಬರೀ ಆರು ತಿಂಗಳು. ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಮುಗಿದುಹೋಗುವ ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆ ಭರವಸೆಯ ಮೇಲೆ ಕೂರಬೇಡಿ. ಒಂದು ಅನುಕೂಲವಿದೆ: ಹೈದರಾಬಾದಿನಲ್ಲಿ ಗಾಯಗೊಂಡ ಕಲಬುರಗಿಯವರು ತಾವು ವಾಸಿಸುವ ಊರಿನ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.

ಇಷ್ಟೆಲ್ಲ ತೊಡಕಿದ್ದರೆ ದಲ್ಲಾಳಿಯನ್ನು ಹಿಡಿಯುವುದೇ ಮೇಲಲ್ಲವೇ ಎಂಬ ಮಾತು ಆಸ್ಪತ್ರೆಯ ವಾರ್ಡಿನಲ್ಲೇ ಶುರುವಾಗುತ್ತದೆ. ಪಟ್ನಾದ ಉದಾಹರಣೆ ಸಾಕು: ಅಲ್ಲಿನ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿನ ಪ್ರಕರಣಗಳಲ್ಲಿ, ಸತ್ತವರ ಮನೆಯವರ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆದು, ಬಂದ ಪರಿಹಾರವನ್ನು ಅವರಿಗೆ ತಿಳಿಯದಂತೆ ಎತ್ತಿಕೊಂಡರೆಂಬ ಆರೋಪದ ಮೇಲೆ 2025ರಲ್ಲಿ ಜಾರಿ ನಿರ್ದೇಶನಾಲಯ ವಕೀಲರನ್ನೇ ಬಂಧಿಸಿತು. ಟ್ರಿಬ್ಯೂನಲ್ಲಿನಲ್ಲಿ ವಕೀಲರಿಲ್ಲದೆ ನೀವೇ ನಿಂತು ಹೇಳಿಕೊಳ್ಳಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಆದಾಯ ಎಷ್ಟಿದ್ದರೂ. ಸ್ವಂತ ವಕೀಲರನ್ನು ಇಟ್ಟುಕೊಂಡರೆ ಫೀಸು ಮೊದಲೇ ಮಾತಾಡಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಬರೆಸಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ, ಹಾಗೆ ಕೇಳುವವರಿಂದ ಎದ್ದು ಬನ್ನಿ. ಖಾಲಿ ಕಾಗದಕ್ಕೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಪರಿಹಾರ ಬರುವ ಖಾತೆಯನ್ನು ನಿಮ್ಮ ಊರಿನ ಬ್ಯಾಂಕಿನಲ್ಲಿ ನೀವೇ ಹೋಗಿ ತೆರೆಯಿರಿ, ಪಾಸ್‌ಬುಕ್ಕು, ಚೆಕ್‌ಬುಕ್ಕು, ಎಟಿಎಂ ಕಾರ್ಡು ನಿಮ್ಮ ಮನೆಯಲ್ಲಿರಲಿ, ಖಾತೆಗೆ ಜೋಡಿಸಿದ ಮೊಬೈಲ್ ನಂಬರು ನಿಮ್ಮದೇ ಆಗಿರಲಿ.