ಲಾರಿಯ ಇಂಜಿನು ಮಿತಿಮೀರಿ ಕಾಯುವುದಕ್ಕೆ ಕಾರಣಗಳು

ಸುಗ್ಗಿಯ ಕಾಲದಲ್ಲಿ ಕಬ್ಬು, ಬತ್ತ ಮೊದಲಾದ ಮಾಲನ್ನು ಹೇರಿಕೊಂಡು ಹೊರಟ ಲಾರಿಯು ನಡುದಾರಿಯಲ್ಲಿ ಹಬೆಯುಗುಳುತ್ತ ನಿಂತುಬಿಡುವುದನ್ನು ಗ್ರಾಮಮುಖ್ಯಸ್ಥರೂ ಜಮೀನುದಾರರೂ ಕಂಡೇ ಇರುವರು. ಇಂಥ ಸಮಯದಲ್ಲಿ ಡ್ರೈವರನನ್ನು ದೂರುವುದು ವಾಡಿಕೆ. ಆದರೆ ವಿಚಾರಿಸಿ ನೋಡಿದಲ್ಲಿ, ದೋಷವು ಮಾಲೀಕನು ತುಂಬಿಸಿದ ನೀರಿನಲ್ಲಿಯೇ ಇರುವುದುಂಟು.

ಇಂಜಿನಿನಲ್ಲಿ ಉರಿಯುವ ಎಣ್ಣೆಯ ಶಾಖವೆಲ್ಲವೂ ಚಕ್ರವನ್ನು ತಿರುಗಿಸುವುದಕ್ಕೆ ಒದಗುವುದಿಲ್ಲ. ಅದರಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟನ್ನು ನೀರು ಹೊತ್ತು ತಂದು, ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ನೀರು ಸುತ್ತುವುದಕ್ಕಾಗಲಿ ಗಾಳಿ ಹಾಯುವುದಕ್ಕಾಗಲಿ ತಡೆಯುಂಟಾದರೆ ಇಂಜಿನು ಮಿತಿಮೀರಿ ಕಾಯುವುದು.

ನಮ್ಮ ಬಯಲುಸೀಮೆಯಲ್ಲಿ ಅನೇಕ ಕೊಳವೆಬಾವಿಗಳ ನೀರು ಗಡಸು. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿಯ ಪದರವೇ ಇಂಜಿನಿನ ನೀರಿನ ದಾರಿಗಳಲ್ಲಿಯೂ ಕಟ್ಟುತ್ತದೆ. ಈ ಸುಣ್ಣವು ಲೋಹದಂತೆ ಶಾಖವನ್ನು ಸಾಗಿಸದಾದ್ದರಿಂದ, ನೀರು ತುಂಬಿದ್ದರೂ ಒಳಗಿನ ಲೋಹವು ಬೇಯುತ್ತಲೇ ಇರುತ್ತದೆ. ಆದಕಾರಣ ತಯಾರಕರು ಸೂಚಿಸಿರುವ ಕೂಲೆಂಟನ್ನು, ಅವರು ಹೇಳಿದ ಪ್ರಮಾಣದಲ್ಲಿ, ಬಟ್ಟಿಯಿಳಿಸಿದ ನೀರಿನೊಡನೆ ಬೆರೆಸಿ ಹಾಕತಕ್ಕದ್ದು. ಇದು ದುಬಾರಿಯೆನ್ನುವವರು ಹೆಡ್ ಗ್ಯಾಸ್ಕೆಟ್ಟು ಸುಟ್ಟ ಮೇಲೆ ತೆರಬೇಕಾದ ಹಣವನ್ನೂ ಲೆಕ್ಕ ಹಾಕಲಿ.

ಹುರುಳಿ, ರಾಗಿ ಮೊದಲಾದ ಪೈರನ್ನು ರಸ್ತೆಯ ಮೇಲೆ ಹರಡಿ, ಹೋಗಿಬರುವ ವಾಹನಗಳಿಂದ ಒಕ್ಕಿಸುವ ರೂಢಿಯು ಕೆಲವು ಕಡೆ ಇನ್ನೂ ಇದೆ. ಹಾರಿದ ಹೊಟ್ಟು ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ಸೇರಿ ಗಾಳಿಯನ್ನು ಕಟ್ಟುತ್ತದೆ. ಕಾದ ಸೈಲೆನ್ಸರಿಗೆ ಹುಲ್ಲು ಸುತ್ತಿಕೊಂಡು ಬೆಂಕಿ ಹತ್ತುವ ಭಯವೂ ಉಂಟು. ಇದನ್ನು ತಡೆಯುವುದು ಊರಿನ ಮುಖ್ಯಸ್ಥರ ಕೈಯಲ್ಲಿದೆ. ಕಟ್ಟಿದ ಸಂದುಗಳನ್ನು ಇಂಜಿನಿನ ಕಡೆಯಿಂದ ಹೊರಮುಖವಾಗಿ ಗಾಳಿ ಊದಿ ಶುದ್ಧಿಮಾಡಬೇಕು. ಮುಂದಿನಿಂದ ಊದಿದರೆ ಹೊಟ್ಟು ಇನ್ನಷ್ಟು ಒಳಕ್ಕೆ ಸೇರುವುದು.

ಸಡಿಲವಾದ ಫ್ಯಾನ್ ಬೆಲ್ಟು, ಸೋರುವ ರಬ್ಬರು ಕೊಳವೆ, ತೆರೆಯದೆ ನಿಂತ ಥರ್ಮೋಸ್ಟಾಟು, ಸವೆದ ನೀರಿನ ಪಂಪು, ಇವನ್ನು ಮೆಕ್ಯಾನಿಕನು ಬೇಗನೆ ಕಂಡುಹಿಡಿಯುವನು. ಮಿತಿಮೀರಿದ ಹೊರೆಯ ವಿಷಯವಾದರೋ ಎಲ್ಲರೂ ಬಲ್ಲದ್ದೇ. ಶಿರಾಡಿಯಂಥ ಘಟ್ಟವನ್ನೇರುವಾಗ ವೇಗವೂ ಎದುರುಗಾಳಿಯೂ ಕಡಮೆ, ಶಾಖ ಮಾತ್ರ ಹೆಚ್ಚು.

ರೇಡಿಯೇಟರಿನ ಮುಚ್ಚಳ ಕೆಟ್ಟಾಗ ಅದರ ಬದಲಿಗೆ ಚಿಂದಿ ಬಟ್ಟೆ ತುರುಕುವವರುಂಟು. ಇದು ದೊಡ್ಡ ತಪ್ಪು. ಬೆಂಗಳೂರಿನಂತೆ ಸುಮಾರು 900 ಮೀಟರು ಎತ್ತರದ ಸ್ಥಳದಲ್ಲಿ ತೆರೆದ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯುತ್ತದೆ. ಸರಿಯಾದ ಮುಚ್ಚಳವು ಒತ್ತಡವನ್ನು ಹಿಡಿದಿಟ್ಟು ಆ ಮಟ್ಟವನ್ನು 110 ಡಿಗ್ರಿಗೂ ಮೇಲಕ್ಕೆ ಏರಿಸುವುದು. ಆ ಒತ್ತಡದ ದೆಸೆಯಿಂದಲೇ ಕಾದ ಇಂಜಿನಿನ ಮುಚ್ಚಳವನ್ನು ತೆರೆಯಕೂಡದು. ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುವುದು. ಹಬೆ ಕಂಡೊಡನೆ ಲಾರಿಯನ್ನು ಬದಿಗೆ ತಂದು ಇಂಜಿನನ್ನು ನಿಲ್ಲಿಸಿ, ಕಡಮೆಯೆಂದರೆ ಅರ್ಧ ಗಂಟೆ ಆರಬಿಟ್ಟು, ಅನಂತರ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಮೆಲ್ಲನೆ ತಿರುಗಿಸಬೇಕು. ಆರುವ ಮೊದಲೇ ತಣ್ಣೀರು ಹೊಯ್ದರೆ ಸಿಲಿಂಡರಿನ ಹೆಡ್ಡು ಬಿರುಕು ಬಿಡಬಹುದು.